ಕಸಿನ್ಸ್, ಜೇಮ್ಸ್ ಹೆನ್ರಿ (1873–1956)

ಐರಿಷ್ ಕವಿ, ಕಲಾವಿಮರ್ಶಕ. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ 1915ರಲ್ಲಿ ಭಾರತಕ್ಕೆ ಬಂದರು. ವಲಸಿಗರ ಪರಂಪರೆಯೆಂದರೆ ತವರಿನ ಹಬ್ಬ, ಹಾಡು, ಕುಣಿತ ಎಂಬುದು ರೂಢಿಯ ಮಾತು. ಪರರ ನುಡಿಗೆ ಧೈರ್ಯ ತುಂಬುವುದೂ ಪರಂಪರೆಯೇ ಎಂಬುದಕ್ಕೆ ಇವರು ಸಾಕ್ಷಿ. ಐರಿಷ್ ಸಾಹಿತ್ಯ ಪುನರುಜ್ಜೀವನದಲ್ಲಿ ಪಳಗಿದ್ದ ಇವರು 1924ರಲ್ಲಿ ಮೈಸೂರಿಗೆ ಬಂದಾಗ, ತನ್ನ ಇಂಗ್ಲಿಷ್ ಕವಿತೆಗಳನ್ನು ತಂದು ತೋರಿಸಿದ ವಿದ್ಯಾರ್ಥಿಯೊಬ್ಬನಿಗೆ ಕನ್ನಡದಲ್ಲೇ ಬರೆಯುವಂತೆ ಹೇಳಿದರು. ಆ ತರುಣನೇ ಕುವೆಂಪು. ಮುಂದೆ ತಿರುವಾಂಕೂರಿನ ಕಲಾ ಸಲಹೆಗಾರರಾಗಿ, ತಿರುವನಂತಪುರದಲ್ಲಿ 1935ರಲ್ಲಿ ತೆರೆದ ಶ್ರೀ ಚಿತ್ರಾ ಆರ್ಟ್ ಗ್ಯಾಲರಿಗೆ ರೂಪ ಕೊಟ್ಟರು.

ಸ್ವತಃ ಇಂಗ್ಲಿಷಿನಲ್ಲಿ ಬರೆದವರ ಈ ಬುದ್ಧಿವಾದ ವಿರೋಧಾಭಾಸವಲ್ಲವೇ ಎಂಬ ಆಕ್ಷೇಪ ಸಹಜ. ಆದರೆ ಐರ್ಲೆಂಡಿನಂತೆ ತಾಯ್ನುಡಿ ಕೈತಪ್ಪಿದ ನಾಡಿನವರಿಗೇ ಅದರ ಬೆಲೆ ಚೆನ್ನಾಗಿ ಗೊತ್ತು. ಹೊರಗಿನಿಂದ ಬಂದವರ ಗುರುತು ಉಳಿಯುವ ಬಗೆ ಹಲವು: ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡ್ ವೈಸ್‌ರಾಯ್ ಒಬ್ಬರ ಹೆಸರು ಹೊತ್ತಿದೆ; ಕಸಿನ್ಸರ ಗುರುತು ಕನ್ನಡ ಕಾವ್ಯದಲ್ಲಿದೆ.