‘ಸತ್ತ’ ಸರೋವರ ಮತ್ತೆ ಉಸಿರಾಡಿದ ಕಥೆ

1969ರ ಜೂನ್ 22, ಭಾನುವಾರ. ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲೆಂಡ್ ನಗರದಲ್ಲಿ ನದಿಗೇ ಬೆಂಕಿ ಬಿತ್ತು. ಕಯಹೋಗಾ ನದಿಯ ಮೇಲೆ ತೇಲುತ್ತಿದ್ದ ಎಣ್ಣೆ, ಕಸಕಡ್ಡಿ ಹೊತ್ತಿಕೊಂಡು ರೈಲು ಸೇತುವೆಗಳನ್ನು ಸುಟ್ಟಿತು. ಅರ್ಧ ಗಂಟೆಯೊಳಗೆ ಬೆಂಕಿ ಆರಿತು. ಸ್ಥಳೀಯ ಪತ್ರಿಕೆಗಳು ಈ ಸುದ್ದಿಗೆ ಹೆಚ್ಚು ಜಾಗ ಕೊಡಲಿಲ್ಲ, ಏಕೆಂದರೆ ಆ ನದಿ ಹೊತ್ತಿ ಉರಿದದ್ದು ಅದೇ ಮೊದಲಲ್ಲ. ಆದರೆ ಆಗಸ್ಟ್‌ನಲ್ಲಿ ‘ಟೈಮ್’ ವಾರಪತ್ರಿಕೆ ಇದನ್ನು ಬರೆದಾಗ ಇಡೀ ದೇಶವೇ ತಿರುಗಿ ನೋಡಿತು. ಪತ್ರಿಕೆ ಅಚ್ಚು ಹಾಕಿದ ಚಿತ್ರ 1952ರ ಇನ್ನೊಂದು ಬೆಂಕಿಯದು ಎಂಬುದು ಬೇರೆ ಮಾತು.

ಕಯಹೋಗಾ ಹೋಗಿ ಸೇರುವುದು ಈರಿ ಸರೋವರವನ್ನು. ಐದು ಮಹಾ ಸರೋವರಗಳಲ್ಲಿ ಒಂದಾದ ಇದನ್ನು ಅಮೆರಿಕ ಮತ್ತು ಕೆನಡಾ ಹಂಚಿಕೊಂಡಿವೆ. ವಿಸ್ತಾರ ಸುಮಾರು 25,700 ಚದರ ಕಿಲೋಮೀಟರ್. ದಡದಲ್ಲಿ ನಿಂತವರಿಗೆ ಆಚೆ ದಡ ಕಾಣದು, ಸಮುದ್ರದ ಮುಂದೆ ನಿಂತಂತೆಯೇ ಅನಿಸುತ್ತದೆ. ಇಂಥ ಜಲರಾಶಿಯನ್ನು ಅರವತ್ತರ ದಶಕದ ಪತ್ರಿಕೆಗಳು ‘ಸತ್ತ ಸರೋವರ’ ಎಂದು ಕರೆಯತೊಡಗಿದ್ದವು.

ಸತ್ತಿತು ಎಂದರೆ ಅಲ್ಲಿ ಜೀವ ಇರಲಿಲ್ಲ ಎಂದು ಅರ್ಥವಲ್ಲ. ನಿಜಕ್ಕೂ ಅಲ್ಲಿ ಜೀವ ಅತಿಯಾಗಿತ್ತು. ಬೇಸಿಗೆ ಬಂತೆಂದರೆ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಪಾಚಿ ಹರಡುತ್ತಿತ್ತು. ದಡಕ್ಕೆ ಬಂದು ಬಿದ್ದ ಪಾಚಿಯ ರಾಶಿ ಕೊಳೆತು ನಾರುತ್ತಿತ್ತು. ಸತ್ತ ಪಾಚಿ ತಳಕ್ಕೆ ಇಳಿದಾಗ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿಬಿಡುತ್ತಿದ್ದವು. ಈರಿಯ ಸರಾಸರಿ ಆಳ ಕೇವಲ 19 ಮೀಟರ್. ಬೇಸಿಗೆಯಲ್ಲಿ ಬಿಸಿ ನೀರು ಮೇಲೆ, ತಣ್ಣೀರು ಕೆಳಗೆ ಎಂದು ಪದರಗಳು ಬೇರೆಯಾದಾಗ, ಸರೋವರದ ನಡುಭಾಗದ ತಳದಲ್ಲಿ ಉಳಿಯುವ ತಣ್ಣೀರಿನ ಪದರ ತೀರಾ ತೆಳು. ಅದರಲ್ಲಿದ್ದ ಆಮ್ಲಜನಕ ಬೇಗ ಮುಗಿದು ಮೀನು, ಹುಳುಗಳಿಗೆ ಉಸಿರು ಕಟ್ಟುತ್ತಿತ್ತು.

ಇದರ ಮೊದಲ ಸೂಚನೆ 1953ರಲ್ಲೇ ಸಿಕ್ಕಿತ್ತು. ಸರೋವರದ ಪಶ್ಚಿಮ ಭಾಗದ ಕೆಸರಿನಲ್ಲಿ ಲೆಕ್ಕವಿಲ್ಲದಷ್ಟು ಇದ್ದ ‘ಮೇಫ್ಲೈ’ ಹುಳುಗಳು ಆ ವರ್ಷ ಒಮ್ಮೆಲೇ ನಾಶವಾದವು. ಮೀನುಗಳಿಗೆ ಆಹಾರವಾಗಿದ್ದ ಈ ಹುಳುಗಳು ಮುಂದಿನ ನಾಲ್ಕು ದಶಕ ಅಲ್ಲಿ ಕಂಡದ್ದೇ ಅಪರೂಪ.

ಸೋಪಿನ ಪುಡಿಯ ಪಾಲು

ಪಾಚಿಗೆ ಇಷ್ಟೊಂದು ಮೇವು ಎಲ್ಲಿಂದ ಬಂತು? ಉತ್ತರ ಹುಡುಕುತ್ತಾ ಹೋದರೆ ಮನೆಯ ಬಚ್ಚಲಿಗೆ ಬಂದು ನಿಲ್ಲಬೇಕಾಗುತ್ತದೆ.

ಗಡಸು ನೀರಿನಲ್ಲಿ ಸಾಬೂನು ನೊರೆ ಕೊಡದು ಎಂಬುದು ಕೊಳವೆ ಬಾವಿಯ ನೀರಿನಲ್ಲಿ ಬಟ್ಟೆ ಒಗೆದವರಿಗೆಲ್ಲ ಗೊತ್ತು. ಎರಡನೇ ಮಹಾಯುದ್ಧದ ನಂತರ ಬಂದ ಡಿಟರ್ಜೆಂಟ್ ಪುಡಿಗಳು ಈ ತೊಂದರೆ ನೀಗಿಸಿದವು. ‘ಟೈಡ್’ ಮಾರುಕಟ್ಟೆಗೆ ಬಂದದ್ದು 1946ರಲ್ಲಿ. ನೀರಿನ ಗಡಸುತನಕ್ಕೆ ಕಾರಣವಾದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕಟ್ಟಿಹಾಕಲು ಈ ಪುಡಿಗಳಲ್ಲಿ ಫಾಸ್ಫೇಟ್ ಬೆರೆಸಲಾಗುತ್ತಿತ್ತು. ಬಟ್ಟೆ ಬೆಳ್ಳಗಾಯಿತು. ಫಾಸ್ಫೇಟ್ ಚರಂಡಿ ಸೇರಿತು. ಅಂದಿನ ಶುದ್ಧೀಕರಣ ಘಟಕಗಳಿಗೆ ರಂಜಕವನ್ನು, ಅಂದರೆ ಫಾಸ್ಫರಸ್ಸನ್ನು, ತೆಗೆಯುವ ಏರ್ಪಾಡು ಇರಲಿಲ್ಲ. ಡೆಟ್ರಾಯಿಟ್, ಕ್ಲೀವ್‌ಲೆಂಡ್, ಟೊಲಿಡೊಗಳಂಥ ಕೈಗಾರಿಕಾ ನಗರಗಳ ಮಲಮೂತ್ರದ ಜೊತೆ ಅದೂ ಸರೋವರಕ್ಕೆ ಹರಿಯಿತು.

ರಂಜಕ ವಿಷವಲ್ಲ. ನಮ್ಮ ಮೂಳೆಯಲ್ಲಿದೆ, ರೈತರು ಹೊಲಕ್ಕೆ ಹಾಕುವ ಡಿಎಪಿಯಲ್ಲಿದೆ. ಆದರೆ ಸಿಹಿನೀರಿನಲ್ಲಿ ಅದು ಸಹಜವಾಗಿ ಸಿಗುವುದು ಅತ್ಯಲ್ಪ. ಆ ಕೊರತೆಯೇ ಪಾಚಿಗೆ ಹಾಕಿದ ಕಡಿವಾಣ. ಒಂದು ಕಿಲೋ ರಂಜಕ ಸುಮಾರು 500 ಕಿಲೋ ಪಾಚಿಯನ್ನು ಬೆಳೆಸಬಲ್ಲದು ಎಂಬುದು ವಿಜ್ಞಾನಿಗಳ ಲೆಕ್ಕ. ಅರವತ್ತರ ದಶಕದ ಕೊನೆಗೆ ಈರಿಗೆ ವರ್ಷಕ್ಕೆ ಸುಮಾರು 28,000 ಟನ್ ರಂಜಕ ಬಂದು ಸೇರುತ್ತಿತ್ತು.

ಡಿಟರ್ಜೆಂಟ್ ಉದ್ಯಮ ಇದನ್ನು ಸುಲಭವಾಗಿ ಒಪ್ಪಲಿಲ್ಲ. ಪಾಚಿಗೆ ಕಾರಣ ರಂಜಕವಲ್ಲ, ಇಂಗಾಲ ಎಂಬ ವಾದ ಹುಟ್ಟಿಕೊಂಡಿತು. ಇನ್ನು ಕೆಲವರು ಸಾರಜನಕದತ್ತ ಬೆರಳು ತೋರಿಸಿದರು. ಪ್ರಯೋಗಾಲಯದ ಬಾಟಲಿಗಳಲ್ಲಿ ನಡೆಸಿದ ಪರೀಕ್ಷೆಗಳಿಂದ ಜಗಳ ತೀರುವಂತೆ ಕಾಣಲಿಲ್ಲ.

ಒಂದು ಕೆರೆಗೆ ಹಾಕಿದ ಪರದೆ

ಜಗಳ ತೀರಿಸಿದ್ದು ಕೆನಡಾದ ಕಾಡಿನೊಳಗಿನ ಒಂದು ಪುಟ್ಟ ಸರೋವರ. ಒಂಟಾರಿಯೊ ಪ್ರಾಂತ್ಯದ ವಾಯವ್ಯದಲ್ಲಿ ಕೆನಡಾ ಸರ್ಕಾರ 1968ರಲ್ಲಿ ಹಲವು ಸಣ್ಣ ಸರೋವರಗಳನ್ನು ಪ್ರಯೋಗಕ್ಕೆಂದೇ ಮೀಸಲಿಟ್ಟಿತು. ಅಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿಯ ತಂಡ 226ನೇ ಸಂಖ್ಯೆಯ ಸರೋವರವನ್ನು ಆರಿಸಿಕೊಂಡಿತು. ಅದರ ಆಕಾರ ನಡುವೆ ಕಿರಿದಾಗಿ ಎರಡು ಕಡೆ ಅಗಲವಾಗಿತ್ತು. 1973ರಲ್ಲಿ ನಡುವಿನ ಕಿರಿದಾದ ಜಾಗಕ್ಕೆ ತಂಡ ಪ್ಲಾಸ್ಟಿಕ್ ಪರದೆ ಕಟ್ಟಿತು. ಒಂದು ಕಡೆಗೆ ಇಂಗಾಲ ಮತ್ತು ಸಾರಜನಕ ಸುರಿದರು. ಇನ್ನೊಂದು ಕಡೆಗೆ ಅವೆರಡರ ಜೊತೆ ರಂಜಕವನ್ನೂ ಸೇರಿಸಿದರು.

ಕೆಲವೇ ವಾರಗಳಲ್ಲಿ ರಂಜಕ ಬಿದ್ದ ಭಾಗ ಹಸಿರಾಯಿತು. ಪರದೆಯ ಈಚೆಗಿನ ನೀರು ಮೊದಲಿನಂತೆ ಕಪ್ಪಗೆ ತಿಳಿಯಾಗಿಯೇ ಉಳಿಯಿತು. ವಿಮಾನದಿಂದ ತೆಗೆದ ಆ ಚಿತ್ರಕ್ಕೆ ವಿವರಣೆಯೇ ಬೇಡವಾಗಿತ್ತು. 1974ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಶಿಂಡ್ಲರ್ ಅವರ ಲೇಖನ ಬಂತು. ವಿಜ್ಞಾನ ಓದದ ಶಾಸಕರಿಗೂ ಆ ಒಂದು ಚಿತ್ರ ಅರ್ಥವಾಯಿತು.

ಸರ್ಕಾರಗಳು ಅಷ್ಟರಲ್ಲಾಗಲೇ ಹೆಜ್ಜೆ ಇಟ್ಟಿದ್ದವು. ಎರಡೂ ದೇಶಗಳ ಗಡಿ ನೀರಿನ ವಿಚಾರ ನೋಡಿಕೊಳ್ಳಲು 1909ರ ಒಪ್ಪಂದದಂತೆ ರಚನೆಯಾಗಿದ್ದ ಜಂಟಿ ಆಯೋಗ, ರಂಜಕಕ್ಕೆ ಕಡಿವಾಣ ಹಾಕಿ ಎಂದು ಶಿಫಾರಸು ಮಾಡಿತ್ತು. 1972ರ ಏಪ್ರಿಲ್ 15ರಂದು ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಮತ್ತು ಕೆನಡಾದ ಪ್ರಧಾನಿ ಪಿಯರ್ ಟ್ರೂಡೊ ಒಟ್ಟಾವಾದಲ್ಲಿ ಮಹಾ ಸರೋವರಗಳ ಜಲ ಗುಣಮಟ್ಟ ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ವರ್ಷ ಅಮೆರಿಕದ ಕಾಂಗ್ರೆಸ್ ಶುದ್ಧ ಜಲ ಕಾಯ್ದೆಯನ್ನು ಅಂಗೀಕರಿಸಿತು. ಖರ್ಚು ವಿಪರೀತವಾಯಿತೆಂದು ನಿಕ್ಸನ್ ಅದನ್ನು ತಿರಸ್ಕರಿಸಿದರೂ ಕಾಂಗ್ರೆಸ್ ಜಗ್ಗಲಿಲ್ಲ. 1978ರ ಪರಿಷ್ಕೃತ ಒಪ್ಪಂದ ಈರಿಗೆ ವರ್ಷಕ್ಕೆ 11,000 ಟನ್ ರಂಜಕದ ಮಿತಿ ಹಾಕಿತು.

ನಗರಗಳ ಶುದ್ಧೀಕರಣ ಘಟಕಗಳಿಗೆ ಕೋಟಿಗಟ್ಟಲೆ ಡಾಲರ್ ಹರಿಯಿತು. ಕಬ್ಬಿಣದ ಲವಣಗಳನ್ನು ಬೆರೆಸಿ ಕೊಳಚೆಯಲ್ಲಿನ ರಂಜಕವನ್ನು ತಳಕ್ಕಿಳಿಸುವ ವಿಧಾನ ಜಾರಿಗೆ ಬಂತು. ಡಿಟರ್ಜೆಂಟ್‌ಗಳಲ್ಲಿ ಫಾಸ್ಫೇಟನ್ನು ಕೆನಡಾ ಎಪ್ಪತ್ತರ ದಶಕದ ಆರಂಭದಲ್ಲೇ ಮಿತಿಗೊಳಿಸಿತು. ಅಮೆರಿಕದ ರಾಜ್ಯಗಳು ಒಂದೊಂದಾಗಿ ಅದೇ ದಾರಿ ಹಿಡಿದವು.

ಎಂಬತ್ತರ ದಶಕದ ಮೊದಲ ಭಾಗದಲ್ಲೇ ಆ ಗುರಿ ಕೈಗೆ ಸಿಕ್ಕಿತು. ನೀರು ತಿಳಿಯಾಯಿತು. ವಾಲೈ ಮೀನಿನ ಬೇಟೆಗೆ ಜನ ದೂರದೂರುಗಳಿಂದ ಬರತೊಡಗಿದರು. ಈರಿಯ ನೀರು ಸುಮಾರು ಎರಡೂವರೆ ವರ್ಷಕ್ಕೊಮ್ಮೆ ಪೂರ್ತಿ ಬದಲಾಗುವುದೂ ಈ ಚೇತರಿಕೆಗೆ ನೆರವಾಯಿತು. ಡಾ. ಸೂಸ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪ್ರಖ್ಯಾತ ಮಕ್ಕಳ ಲೇಖಕರ ‘ದಿ ಲೋರಾಕ್ಸ್’ ಪುಸ್ತಕದಲ್ಲಿ (1971) ಈರಿಯ ದುರ್ಗತಿಯನ್ನು ಕುಟುಕುವ ಒಂದು ಸಾಲಿತ್ತು. ಸರೋವರ ಈಗ ಹಾಗಿಲ್ಲ ಎಂದು ಒಹಾಯೊದ ಸಂಶೋಧಕರು ಪತ್ರ ಬರೆದಾಗ ಲೇಖಕರು ಒಪ್ಪಿ, ಮುಂದಿನ ಮುದ್ರಣಗಳಿಂದ ಆ ಸಾಲನ್ನು ತೆಗೆಸಿದರು. ತೊಂಬತ್ತರ ದಶಕದಲ್ಲಿ ಮೇಫ್ಲೈ ಹುಳುಗಳೂ ಮರಳಿ ಬಂದವು.

ಮುಗಿಯದ ಕಥೆ

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ತೊಂಬತ್ತರ ದಶಕದ ನಡುವಿನಿಂದ ಹಸಿರು ಮತ್ತೆ ತಲೆ ಎತ್ತಿತು. ಈ ಸಲ ರಂಜಕ ಬಂದದ್ದು ನಗರದ ಕೊಳವೆಗಳಿಗಿಂತ ಹೆಚ್ಚಾಗಿ ಹೊಲಗಳಿಂದ.

ಈರಿಯ ಪಶ್ಚಿಮ ತುದಿಗೆ ಬಂದು ಸೇರುವ ಮಾಮಿ ನದಿಯ ಜಲಾನಯನದ ಬಹುಭಾಗ ಜೋಳ, ಸೋಯಾ ಬೆಳೆಯುವ ಭೂಮಿ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿದ್ದ ದೊಡ್ಡ ಜೌಗು ಪ್ರದೇಶವನ್ನು ಬಸಿದು ಹೊಲ ಮಾಡಲಾಯಿತು. ಮಣ್ಣಿನಡಿ ಹೂತ ಕೊಳವೆಗಳು ಇಂದಿಗೂ ಆ ನೀರನ್ನು ಬಸಿಯುತ್ತಿವೆ. ಮೇಲ್ಮಣ್ಣು ಕೊಚ್ಚಿ ಹೋಗದಿರಲೆಂದು ಅನೇಕ ರೈತರು ಉಳುಮೆ ಬಿಟ್ಟರು. ಮಣ್ಣು ಉಳಿಯಿತು, ನಿಜ. ಆದರೆ ಉಳುಮೆ ಇಲ್ಲದ ನೆಲದ ಮೇಲೆಯೇ ಉಳಿದ ಗೊಬ್ಬರ ಮಳೆ ನೀರಿನಲ್ಲಿ ಕರಗಿ ಕೊಳವೆಗಳ ಮೂಲಕ ನದಿಗೆ ಇಳಿಯಿತು. ಮಣ್ಣಿಗೆ ಅಂಟಿದ ರಂಜಕಕ್ಕಿಂತ ಹೀಗೆ ಕರಗಿದ ರಂಜಕವನ್ನು ಪಾಚಿ ಬಲು ಬೇಗ ಹೀರುತ್ತದೆ. ಒಂದು ಕೆಡುಕನ್ನು ತಡೆಯಲು ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ ಇನ್ನೊಂದಕ್ಕೆ ದಾರಿಯಾಯಿತು.

2014ರ ಆಗಸ್ಟ್ 2ರ ಮುಂಜಾನೆ ಟೊಲಿಡೊ ನಗರದ ಜನರಿಗೆ ನಲ್ಲಿ ನೀರು ಕುಡಿಯಬೇಡಿ ಎಂಬ ಸೂಚನೆ ಬಂತು. ಕುದಿಸಿಯೂ ಕುಡಿಯುವಂತಿರಲಿಲ್ಲ, ಏಕೆಂದರೆ ಪಾಚಿಯಂಥ ಸೂಕ್ಷ್ಮಜೀವಿಗಳು ಬಿಡುವ ಮೈಕ್ರೊಸಿಸ್ಟಿನ್ ಎಂಬ ವಿಷ ಕುದಿಸಿದರೆ ಹೋಗುವುದಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಬಾಟಲಿ ನೀರಿಗೆ ಸಾಲು ನಿಂತರು. ಜಗತ್ತಿನ ಅತಿ ದೊಡ್ಡ ಸಿಹಿನೀರಿನ ಭಂಡಾರಗಳಲ್ಲೊಂದರ ದಡದಲ್ಲಿ ಕುಡಿಯಲು ನೀರಿಲ್ಲ! ನಿರ್ಬಂಧ ತೆರವಾಗಿದ್ದು ಆಗಸ್ಟ್ 4ರಂದು.

2016ರಲ್ಲಿ ಎರಡೂ ದೇಶಗಳು 2008ರ ಮಟ್ಟಕ್ಕೆ ಹೋಲಿಸಿ ಶೇ 40ರಷ್ಟು ರಂಜಕ ಇಳಿಸುವ ಹೊಸ ಗುರಿ ಒಪ್ಪಿಕೊಂಡವು. ಅದು ಮೊದಲಿನಷ್ಟು ಸುಲಭವಲ್ಲ. ಒಂದು ನಗರದ ಕೊಳವೆಯ ಬಾಯಿಗೆ ಜಾಲರಿ ಹಾಕಬಹುದು, ಒಂದು ಕಾರ್ಖಾನೆಗೆ ನೋಟಿಸು ಕೊಡಬಹುದು. ಸಾವಿರಾರು ಹೊಲಗಳ ಬದುವಿನಲ್ಲಿ ಪೊಲೀಸರನ್ನು ನಿಲ್ಲಿಸಲಾಗದು. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಗೊಬ್ಬರ ಹಾಕುವುದು, ಅದನ್ನು ಮೇಲೆ ಎರಚದೆ ಮಣ್ಣಿನೊಳಗೆ ಸೇರಿಸುವುದು, ಜೌಗು ಭೂಮಿಗಳನ್ನು ಮರಳಿ ಕಟ್ಟುವುದು – ಇವೆಲ್ಲ ರೈತರ ಮನವೊಲಿಸಿ, ನೆರವು ಕೊಟ್ಟು ಮಾಡಿಸಬೇಕಾದ ಕೆಲಸ. ಬೇಸಿಗೆಯ ಹಸಿರು ಇಂದಿಗೂ ನಿಂತಿಲ್ಲ.

ಬೆಂಗಳೂರಿಗೆ ಈ ಕಥೆ ಪರಕೀಯವೇನಲ್ಲ. ಬೆಳ್ಳಂದೂರು ಕೆರೆಯ ನೊರೆ ಗಾಳಿಗೆ ಹಾರಿ ರಸ್ತೆಗೆ ಬಂದದ್ದನ್ನೂ, 2015ರಲ್ಲಿ ಮತ್ತು ಮತ್ತೆ 2018ರ ಜನವರಿಯಲ್ಲಿ ಆ ಕೆರೆಗೆ ಬೆಂಕಿ ಬಿದ್ದದ್ದನ್ನೂ ನಗರದ ಜನ ಕಣ್ಣಾರೆ ಕಂಡಿದ್ದಾರೆ. ಕೆರೆಯ ಅಳತೆ ಬೇರೆ, ಊರು ಬೇರೆ. ಆದರೆ ಅದಕ್ಕೆ ಹೋಗಿ ಬೀಳುವುದೂ ಮನೆಮನೆಯ ಬಚ್ಚಲಿನ ನೀರೇ.

ಈರಿ ‘ಸತ್ತಿದೆ’ ಎಂದವರು ತಪ್ಪು ಹೇಳಿದ್ದರು. ಹತ್ತು ಹದಿನೈದು ವರ್ಷಗಳ ಪಟ್ಟುಬಿಡದ ಕೆಲಸಕ್ಕೆ ಸರೋವರ ಸ್ಪಂದಿಸಿತು. ಅದು ಶಾಶ್ವತವಾಗಿ ಗುಣವಾಯಿತು ಎಂದುಕೊಂಡವರದೂ ತಪ್ಪೇ. ಮೇವು ಎಲ್ಲಿಂದ ಬಂದರೂ ಪಾಚಿ ಬೆಳೆಯುತ್ತದೆ.