ಸ್ತನ ಕ್ಯಾನ್ಸರ್‌ನ ವಿಕಿರಣ ಚಿಕಿತ್ಸೆಯಲ್ಲಿ ನ್ಯಾನೋಕಣಗಳು: ಯಾವ ಕಿರಣಕ್ಕೆ, ಯಾವ ರೋಗಿಗೆ?

ಬೆಂಗಳೂರಿನ ಹೆಂಗಸರನ್ನು ಕಾಡುವ ಕ್ಯಾನ್ಸರ್‌ಗಳಲ್ಲಿ ಇಂದು ಮೊದಲ ಸ್ಥಾನ ಸ್ತನ ಕ್ಯಾನ್ಸರ್‌ನದು. ವಿಮಾನಪುರದ ರೋಗಿಯೊಬ್ಬಳು ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ ಹೋಗಲಿ, ಹತ್ತಿರದ ಹಳೇ ಏರ್‌ಪೋರ್ಟ್ ರಸ್ತೆಯ ಮಣಿಪಾಲ್‌ಗೆ ಹೋಗಲಿ, 'ಕರೆಂಟ್ ಕೊಡಿಸಿಕೊಳ್ಳಲು' ಆಕೆ ಮಲಗುವುದು ಲೀನಿಯರ್ ಆಕ್ಸಲರೇಟರಿನ ಕೆಳಗೆ. ತೋಳನ್ನು ತಲೆಯ ಮೇಲಕ್ಕೆತ್ತಿಸಿ, ಎದೆಯ ಮೇಲಿನ ಗುರುತುಗಳಿಗೆ ಲೇಸರ್ ಗೆರೆ ಕೂಡಿಸಿ, ಓರೆಯಾಗಿ ಎರಡು ಕಡೆಯಿಂದ, ಸಾಮಾನ್ಯವಾಗಿ 6 ಮೆಗಾವೋಲ್ಟ್ ಕಿರಣ ಹಾಯಿಸುತ್ತಾರೆ. ಎಡ ಸ್ತನವಾದರೆ ಆ ದಾರಿಯ ಅಂಚಿನಲ್ಲೇ ಹೃದಯವಿದೆ. ಹೃದಯ ಪಡೆಯುವ ಸರಾಸರಿ ವಿಕಿರಣ ಪ್ರಮಾಣ 1 ಗ್ರೇ ಹೆಚ್ಚಿದರೆ ಗಂಭೀರ ಪರಿಧಮನಿ ಕಾಯಿಲೆಯ ಅಪಾಯ ಶೇ. 7.4ರಷ್ಟು ಏರುತ್ತದೆಂದು ಡಾರ್ಬಿ ತಂಡ 2013ರಲ್ಲಿ ತೋರಿಸಿತು. ಹೊರಗಿನ ಪ್ರಮಾಣ ಏರಿಸದೆ ಗಡ್ಡೆಯೊಳಗಷ್ಟೇ ಪರಿಣಾಮ ಹೆಚ್ಚಿಸುವ ದಾರಿ ಬೇಕಾಗಿರುವುದು ಇದಕ್ಕೇ.

ನ್ಯಾನೋಕಣ ಅಂಥದೊಂದು ದಾರಿಯಾಗಬಹುದು. 2004ರಲ್ಲಿ ಹೈನ್‌ಫೆಲ್ಡ್ ಮತ್ತು ಸಂಗಡಿಗರು ಸ್ತನಗ್ರಂಥಿಯ ಗಡ್ಡೆಯಿದ್ದ ಇಲಿಗಳಿಗೆ 1.9 ನ್ಯಾನೋಮೀಟರ್‌ನ ಚಿನ್ನದ ಕಣ ಚುಚ್ಚಿ ವಿಕಿರಣ ಕೊಟ್ಟರು. ವರ್ಷದ ನಂತರ ಶೇ. 86 ಬದುಕಿದ್ದವು, ವಿಕಿರಣವೊಂದನ್ನೇ ಪಡೆದವುಗಳಲ್ಲಿ ಶೇ. 20. ಈ ಅಂಕಿಗಳನ್ನು ಉಲ್ಲೇಖಿಸುವವರು ಬಳಸಿದ ಕಿರಣವನ್ನೂ ಹೇಳಬೇಕು: ಅದು 250 ಕಿಲೋವೋಲ್ಟ್. ಚಿನ್ನದ ಪರಮಾಣು ಸಂಖ್ಯೆ 79. ಕಡಿಮೆ ಶಕ್ತಿಯ ಕಿರಣವನ್ನು ಅದು ಅಂಗಾಂಶಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹೀರಿ, ಅತಿ ಸಮೀಪದಲ್ಲೇ ಶಕ್ತಿ ಚೆಲ್ಲುವ ಎಲೆಕ್ಟ್ರಾನುಗಳನ್ನು ಹೊಮ್ಮಿಸುತ್ತದೆ. ಮೆಗಾವೋಲ್ಟ್ ಮಟ್ಟದಲ್ಲಿ ಪರಮಾಣು ಸಂಖ್ಯೆಯನ್ನು ಅಷ್ಟಾಗಿ ಲೆಕ್ಕಿಸದ ಕಾಂಪ್ಟನ್ ಚದುರುವಿಕೆಯದೇ ಮೇಲುಗೈ. ಅಲ್ಲಿ ಈ ಅಂತರ ಬಹುಪಾಲು ಕರಗುತ್ತದೆ. ಹಾಗಾಗಿ ಇಲಿಯ ಫಲಿತಾಂಶವನ್ನು ನಮ್ಮ ಆಸ್ಪತ್ರೆಯ ಯಂತ್ರಕ್ಕೆ ನೇರವಾಗಿ ಹೊಂದಿಸಲು ಬರುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಸ್ತನಕ್ಕೆ ವಿಕಿರಣ ಕೊಡುವುದು ಹೆಚ್ಚಾಗಿ ಶಸ್ತ್ರಕ್ರಿಯೆಯ ನಂತರ. ಗಡ್ಡೆಯನ್ನೇ ತೆಗೆದ ಮೇಲೆ ಕಣ ನಿಲ್ಲುವುದೆಲ್ಲಿ? ಗಡ್ಡೆಯಿದ್ದಾಗಲೂ ರಕ್ತನಾಳದ ದಾರಿ ನೆಚ್ಚುವಂಥದಲ್ಲ. ಪ್ರಾಣಿಪ್ರಯೋಗಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯಲ್ಲಿ ಚುಚ್ಚಿದ ಕಣಗಳಲ್ಲಿ ಗಡ್ಡೆ ಸೇರಿದವುಗಳ ಪಾಲಿನ ಮಧ್ಯಾಂಕ ಕೇವಲ ಶೇ. 0.7. ಹ್ಯಾಫ್ನಿಯಮ್ ಆಕ್ಸೈಡ್ ಕಣಗಳು ಗೆದ್ದದ್ದು ಬೇರೆ ಬಗೆಯಲ್ಲಿ. ಮೃದು ಅಂಗಾಂಶದ ಸಾರ್ಕೋಮಾ ರೋಗಿಗಳಿಗೆ ಶಸ್ತ್ರಕ್ರಿಯೆಗೆ ಮೊದಲೇ ಅವನ್ನು ನೇರವಾಗಿ ಗಡ್ಡೆಗೆ ಚುಚ್ಚಿ ವಿಕಿರಣ ಕೊಡಲಾಯಿತು. 2019ರ ವರದಿಯಂತೆ ಸಂಪೂರ್ಣ ರೋಗಶಾಸ್ತ್ರೀಯ ಪ್ರತಿಕ್ರಿಯೆ ಶೇ. 16, ಬರಿಯ ವಿಕಿರಣಕ್ಕೆ ಶೇ. 8.

ನನ್ನ ವಾದವಿಷ್ಟೆ: ಕರ್ನಾಟಕದಲ್ಲಿ ಗಡ್ಡೆ ಬಲಿತ ಮೇಲೆ ಆಸ್ಪತ್ರೆ ಮೆಟ್ಟಿಲೇರುವ ಹೆಂಗಸರು ಇಂದಿಗೂ ಕಡಿಮೆಯಿಲ್ಲ. ಮೊದಲ ಪ್ರಯೋಗ ನಡೆಯಬೇಕಾದ್ದು ಅವರಿಗಾಗಿ. ಗಡ್ಡೆಗೇ ಕಣ ಚುಚ್ಚಿ, ವಿಕಿರಣದ ಬಳಿಕ ಶಸ್ತ್ರಕ್ರಿಯೆ ಮಾಡಿದರೆ, ಹೊರಬಂದ ಅಂಗಾಂಶದ ಸ್ಲೈಡಿನಲ್ಲೇ ಕಣ ಎಲ್ಲಿ ನಿಂತಿತ್ತು, ಅದರ ಸುತ್ತ ಕ್ಯಾನ್ಸರ್ ಕೋಶ ಎಷ್ಟು ಉಳಿದಿತ್ತು ಎಂಬೆರಡನ್ನೂ ನೋಡಬಹುದು. ಯಕೃತ್ತು ಮತ್ತು ಗುಲ್ಮಕ್ಕೆ ಸೋರಿದ ಲೋಹದ ಲೆಕ್ಕವನ್ನು ಆಮೇಲೂ ವರ್ಷಗಟ್ಟಲೆ ಇಡಬೇಕಾಗುತ್ತದೆ.