ಹುಂಜದ ಕರುಳು ಕಾಪಾಡಿದ ಮರಿಗಳು

1971ರಲ್ಲಿ ಫಿನ್ಲೆಂಡಿನ ಬ್ರಾಯ್ಲರ್ ಫಾರಂಗಳಿಗೆ ಸಾಲ್ಮೊನೆಲ್ಲಾ ಇನ್ಫಾಂಟಿಸ್ ಎಂಬ ಬ್ಯಾಕ್ಟೀರಿಯಾ ನುಗ್ಗಿತು. ಕಲುಷಿತ ಫೀಡಿನ ಜೊತೆ ಬಂದ ಸೋಂಕು ಅದು. ಬಲಿತ ಕೋಳಿಗಳು ತಡೆದುಕೊಳ್ಳುವ ಈ ರೋಗಾಣುವಿಗೆ ಆಗಷ್ಟೇ ಮೊಟ್ಟೆಯೊಡೆದ ಮರಿಗಳು ಯಾಕಿಷ್ಟು ಸುಲಭವಾಗಿ ಸಿಕ್ಕಿಬೀಳುತ್ತವೆ? ವಿಜ್ಞಾನಿ ಎಸ್ಕೊ ನುರ್ಮಿ ಈ ಪ್ರಶ್ನೆಯ ಬೆನ್ನುಹತ್ತಿದರು.

ಉತ್ತರವಿದ್ದದ್ದು ಹ್ಯಾಚರಿಯಲ್ಲಿ. ನಮ್ಮ ಹಳ್ಳಿಗಳ ನಾಟಿ ಕೋಳಿಯ ಮರಿಗಳು ತಾಯಿಯ ಹಿಂದೆಯೇ ತಿಪ್ಪೆ ಕೆದಕುತ್ತಾ, ಅದರ ಹಿಕ್ಕೆ ಬಿದ್ದಲ್ಲೇ ಕಾಳು ಹೆಕ್ಕುತ್ತಾ ಬೆಳೆಯುತ್ತವೆ. ಹೇಂಟೆಯ ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳು ಹೀಗೆ ಮರಿಗಳ ಹೊಟ್ಟೆ ಸೇರುತ್ತವೆ. ಯಂತ್ರದ ಕಾವಿನಲ್ಲಿ ಹುಟ್ಟಿದ ಮರಿಗೆ ತಾಯಿಯ ಮುಖವೇ ಗೊತ್ತಿಲ್ಲ. ಶುಚಿಯಾದ ಟ್ರೇಯಿಂದ ಶೆಡ್ಡಿಗೆ ಹೋಗುವ ಅದರ ಕರುಳು ಬಹುಮಟ್ಟಿಗೆ ಖಾಲಿ. ಅಲ್ಲಿಗೆ ಮೊದಲು ಕಾಲಿಟ್ಟ ಸೂಕ್ಷ್ಮಜೀವಿಯದೇ ರಾಜ್ಯಭಾರ.

ನುರ್ಮಿ ಮತ್ತು ಸಹೋದ್ಯೋಗಿ ರಂತಲಾ ಆರೋಗ್ಯವಂತ ಹುಂಜಗಳ ಕರುಳಿನೊಳಗಿನ ಪದಾರ್ಥವನ್ನು ದ್ರವದಲ್ಲಿ ಕದಡಿ ಎಳೆಮರಿಗಳಿಗೆ ಕೊಟ್ಟರು. ಆಮೇಲೆ ಬೇಕೆಂದೇ ಸಾಲ್ಮೊನೆಲ್ಲಾ ತಿನ್ನಿಸಿದರು. ಬಹುಪಾಲು ಮರಿಗಳಿಗೆ ಸೋಂಕು ಅಂಟಲೇ ಇಲ್ಲ! ಮೊದಲೇ ಬೀಡುಬಿಟ್ಟ ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಯಲ್ಲಿ ಜಾಗ ಹಿಡಿದು, ಪೋಷಕಾಂಶಗಳನ್ನು ತಾವೇ ಬಳಸಿಕೊಂಡು, ಆಮ್ಲಗಳನ್ನು ಸ್ರವಿಸಿ ರೋಗಾಣುವಿಗೆ ನೆಲೆ ಸಿಗದಂತೆ ಮಾಡುತ್ತವೆ. 1973ರಲ್ಲಿ ‘ನೇಚರ್’ ಪತ್ರಿಕೆ ಈ ಪ್ರಯೋಗವನ್ನು ಪ್ರಕಟಿಸಿತು.

ಆದರೆ ಕೋಳಿ ಉದ್ಯಮ ಅಷ್ಟರಲ್ಲಿ ಬೇರೆ ದಾರಿ ಹಿಡಿದು ಎರಡು ದಶಕ ಕಳೆದಿತ್ತು. 1940ರ ದಶಕದ ಕೊನೆಯಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದ ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ವಿಟಮಿನ್ ಬಿ12ಗಾಗಿ ಹುಡುಕುತ್ತಾ, ಆರಿಯೋಮೈಸಿನ್ ಎಂಬ ಆಂಟಿಬಯಾಟಿಕ್ ತಯಾರಿಸಿ ಉಳಿದ ಗಸಿಯನ್ನು ಮರಿಗಳಿಗೆ ತಿನ್ನಿಸಿದ್ದರು. ಮರಿಗಳು ನಿರೀಕ್ಷೆಗೂ ಮೀರಿ ಬೆಳೆದವು. ಅಲ್ಲಿಂದ ಮುಂದೆ ಕಾಯಿಲೆಯಿಲ್ಲದ ಕೋಳಿಗೂ ಆಂಟಿಬಯಾಟಿಕ್ ನಿತ್ಯದ ಆಹಾರವಾಯಿತು, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೂ ಬೆಳೆದವು. ಬೆಳವಣಿಗೆಗಾಗಿ ಅದನ್ನು ಕೊಡುವುದನ್ನು ಸ್ವೀಡನ್ 1986ರಲ್ಲೇ ನಿಷೇಧಿಸಿತು. ಐರೋಪ್ಯ ಒಕ್ಕೂಟ ಪೂರ್ತಿಯಾಗಿ ಕೈಬಿಟ್ಟದ್ದು 2006ರಲ್ಲಿ. ಇಷ್ಟು ತಡವಾದದ್ದು ಕೋಳಿಗೂ ಮನುಷ್ಯನಿಗೂ ದುಬಾರಿಯೇ ಆಯಿತು.

ನುರ್ಮಿಯ ವಿಧಾನಕ್ಕೂ ಮಿತಿಗಳಿದ್ದವು. ಹ್ಯಾಚರಿಯಲ್ಲೇ ಸೋಂಕು ತಗುಲಿದ ಮರಿಗೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಹಾಗಾಗಿ ಹುಟ್ಟಿದ ಕೂಡಲೇ ಕೊಡಬೇಕು, ನೀರಿನಲ್ಲಿ ಬೆರೆಸಿ ಇಲ್ಲವೇ ಮೈಮೇಲೆ ಸಿಂಪಡಿಸಿ. 1987ರಲ್ಲಿ ಫಿನ್ಲೆಂಡಿನ ಮಾರುಕಟ್ಟೆಗೆ ಬಂದ ‘ಬ್ರಾಯ್ಲ್ಯಾಕ್ಟ್’ ಎಂಬ ಬ್ಯಾಕ್ಟೀರಿಯಾ ಮಿಶ್ರಣ ಬಳಕೆಯಾದದ್ದು ಹಾಗೆಯೇ. ಇಂಥ ಮಿಶ್ರಣದಲ್ಲಿರುವ ಒಂದೊಂದು ಬ್ಯಾಕ್ಟೀರಿಯಾವನ್ನೂ ಹೆಸರಿಸಲಾಗದೆಂಬುದು ಔಷಧ ನಿಯಂತ್ರಕರಿಗಿದ್ದ ಇನ್ನೊಂದು ತೊಡಕು. 1998ರಲ್ಲಿ ಅಮೆರಿಕ ‘ಪ್ರಿಎಂಪ್ಟ್’ ಎಂಬ ಉತ್ಪನ್ನಕ್ಕೆ ಅನುಮತಿ ಕೊಟ್ಟಾಗ ಅದರಲ್ಲಿ ಗುರುತಿಸಿ ಬೆಳೆಸಿದ 29 ಬಗೆಯ ಬ್ಯಾಕ್ಟೀರಿಯಾಗಳಿದ್ದವು.